ಬಲಗಡೆ ಮಂಕು

ಮಾರ್ಚ್ ೩, ಸೋಮವಾರ

ಹೊಸ ಮಾದರಿಯ ಮೊದಲ ಜೋಡಿ ಇಂದು ನನ್ನ ಮೇಜಿಗೆ ಬಂತು. ಈ ಇಯರ್‌ಫೋನ್ ಕಾರ್ಖಾನೆಯಲ್ಲಿ ಕೇಳಿ ಪರೀಕ್ಷಿಸುವ ಕೆಲಸಕ್ಕೆ ಸೇರಿ ಇಪ್ಪತ್ತೆರಡು ವರ್ಷವಾಯಿತು. ಇಂಥದ್ದನ್ನು ಕಿವಿಗೆ ಹಾಕಿದ್ದು ಇದೇ ಮೊದಲು. ಕಿವಿಯೊಳಗೆ ಕೂರುವಂಥದ್ದೇ, ಆದರೆ ಬೆನ್ನು ಮುಚ್ಚಿಲ್ಲ. ಅಲ್ಲಿ ಸಣ್ಣ ಲೋಹದ ಜಾಲರಿ ಇದೆ. ಒಳಗೆ ಶಂಕುವಿನಾಕಾರದ ಸ್ಪೀಕರ್ ಇಲ್ಲ, ಆಯಸ್ಕಾಂತದ ಸಾಲುಗಳ ನಡುವೆ ಬಿಗಿದ ಚಪ್ಪಟೆ ಪೊರೆ ಇದೆ. ಕೂದಲಿಗಿಂತ ತೆಳು. ಇಡೀ ಪೊರೆ ಒಟ್ಟಿಗೆ ಅಲುಗುತ್ತದೆ.

"ಅಕ್ಕ, ಹದಿನೈದು ದಿನ ಟೈಮು" ಎಂದರು ಮಾಲೀಕರು. "ಡಬ್ಬದ ಜೊತೆ ಹೋಗೋ ಹಾಳೆಗೆ ನಿಮ್ಮ ಮಾತು ಬೇಕು. ಹೊಗಳಿ ಅಟ್ಟಕ್ಕೇರಿಸೋದು ಬೇಡ. ಕೇಳಿದ್ದನ್ನ ಬರೀರಿ."

"ನಾನು ಯಾವತ್ತು ಅಟ್ಟಕ್ಕೇರಿಸಿದ್ದೀನಿ?"

"ಅದಕ್ಕೇ ನಿಮ್ಮ ಹತ್ರ ಬಂದಿದ್ದು."

ಪೊರೆ ಬಿಗಿಯುವುದಕ್ಕೆ ಈಗ ಯಂತ್ರ ಬಂದಿದೆ. ಮೊದಲು ಕೈಯಲ್ಲಿ ಬಿಗಿಯುತ್ತಿದ್ದವಳು ಇರುವೆ. ತಲೆ ಎತ್ತದೆ ದುಡಿಯುತ್ತಿದ್ದಳೆಂದು ಎಲ್ಲರೂ ಇಟ್ಟ ಹೆಸರು. ಎರಡು ವರ್ಷದ ಹಿಂದೆ, ಪೊರೆ ಇಂಥದ್ದೇ ಆದರೂ ಬೆನ್ನು ಮುಚ್ಚಿದ್ದ ಹಳೆಯ ಮಾದರಿಯಲ್ಲಿ, ಅವಳ ಪೊರೆಯ ನಲವತ್ತಮೂರು ಜೋಡಿಗಳನ್ನು ನಾನು ತಿರಸ್ಕರಿಸಿದೆ. ಎಲ್ಲದರಲ್ಲೂ ಒಂದೇ ದೋಷ: ಬಲಗಡೆ ಮಂಕು. ಮಾದರಿ ನಿಂತಿತು, ಅವಳ ಕೆಲಸವೂ ಹೋಯಿತು. ಅದರಿಂದ ನನಗೇನೂ ಸಂತೋಷವಾಗಲಿಲ್ಲ. ಆದರೆ ಕಿವಿಗೆ ಬಿದ್ದದ್ದನ್ನು ಬೀಳಲಿಲ್ಲ ಎನ್ನಲಾಗುವುದಿಲ್ಲ.

ಮನೆಯ ಕಾಲಿಂಗ್ ಬೆಲ್ ಕೆಟ್ಟಿದೆ. ಮಗಳು ಹೊರಗೆ ಹತ್ತು ನಿಮಿಷ ನಿಂತಿದ್ದಳಂತೆ, ಎಡಮಗ್ಗುಲಾಗಿ ಮಲಗಿದ್ದ ನನಗೆ ಸದ್ದೇ ಬರಲಿಲ್ಲ. ಸರಿ ಮಾಡಿಸಬೇಕು.

ಮಾರ್ಚ್ ೪, ಮಂಗಳವಾರ

ಮಾಲೀಕರ ಅನುಮತಿ ಪಡೆದು ಜೋಡಿಯನ್ನು ಮನೆಗೆ ತಂದೆ. ಸಂಜೆ ಎರಡು ಗಂಟೆ ಕೇಳಿದೆ. ಟಿಪ್ಪಣಿ:

ಮುಚ್ಚಿದ ಇಯರ್‌ಫೋನಿನಲ್ಲಿ ಹಾಡುವವರು ತಲೆಯ ಒಳಗೆ ಕೂತಿರುತ್ತಾರೆ. ಇದರಲ್ಲಿ ಎದ್ದು ಹೊರಗೆ ಬಂದಿದ್ದಾರೆ. ಹೆಣ್ಣುದನಿ ನನ್ನ ಹಣೆಯಿಂದ ಒಂದು ಮೊಳ ದೂರ. ಪಿಟೀಲು ಎಡಕ್ಕೆ, ಕೋಣೆಯ ಕಿಟಕಿಯವರೆಗೆ ಹೋಗುತ್ತದೆ. ಡೋಲಿನ ಪೆಟ್ಟು ಎದೆಗೆ ಗುದ್ದುವುದಿಲ್ಲ, ಆದರೆ ಪೆಟ್ಟು ಬಿದ್ದೊಡನೆ ನಿಲ್ಲುತ್ತದೆ. ಬಾಲ ಎಳೆಯುವುದಿಲ್ಲ. ಹಾಡಿನ ನಡುವೆ ಹಿಂದೆ ಯಾರೋ ಕೆಮ್ಮಿದ್ದು ಕೂಡ ಸ್ಪಷ್ಟ. ಧ್ವನಿಮುದ್ರಣ ಕೋಣೆಯ ಕೆಮ್ಮು ಇಷ್ಟು ನಿಚ್ಚಳವಾಗಿ ಯಾವುದರಲ್ಲೂ ಕೇಳಿರಲಿಲ್ಲ.

ಹೀಗೆ ಬರೆದು ತಿರುಗಿದರೆ ಇವರು ಬಾಗಿಲಲ್ಲಿ ನಿಂತು ಕೆಮ್ಮುತ್ತಿದ್ದಾರೆ. ಕೊನೆಯ ಎರಡು ವಾಕ್ಯ ಹೊಡೆದು ಹಾಕಿದೆ.

ಬೆನ್ನು ತೆರೆದಿರುವುದರ ಗುಣ ಇದು. ಹೊರಗಿನದು ಒಳಗೆ ಬರುತ್ತದೆ, ಒಳಗಿನದು ಹೊರಗೆ ಹೋಗುತ್ತದೆ. ಬಸ್ಸಿನಲ್ಲಿ ಕೇಳಲು ತಕ್ಕುದಲ್ಲ.

"ನಿನ್ನ ಹಾಡು ನನಗೂ ಕೇಳ್ತಿದೆ" ಎಂದರು ಇವರು. "ನಾನು ಮೂರು ಸಲ ಕರೆದಿದ್ದು ಮಾತ್ರ ನಿನಗೆ ಕೇಳಲ್ಲ."

"ಬಾಯೊಳಗೇ ಗೊಣಗಿದ್ರೆ ಯಾರಿಗೆ ಕೇಳುತ್ತೆ?"

ನಿಜ. ವರ್ಷವೆಲ್ಲ ಶಾಲೆಯ ಬಸ್ಸು ಓಡಿಸಿ, ಮಕ್ಕಳ ಗಲಾಟೆಯಲ್ಲಿದ್ದು, ಮನೆಗೆ ಬಂದಮೇಲೆ ಇವರ ಮಾತು ಗಂಟಲಿನಿಂದ ಮೇಲೆ ಬರುವುದಿಲ್ಲ. ಮಗಳಿಗೂ ಅದೇ ಚಾಳಿ ಹತ್ತಿದೆ.

ಮಾರ್ಚ್ ೬, ಗುರುವಾರ

ರಸ್ತೆ ಅಗೆದಿದ್ದರಿಂದ ಅಂಚೆ ಕಚೇರಿಯ ಹಿಂದಿನ ಬೀದಿಯಲ್ಲಿ ಬರಬೇಕಾಯಿತು. ಇರುವೆಯ ಇಸ್ತ್ರಿ ಅಂಗಡಿ ಅಲ್ಲೇ ಇದೆ. ಗೊತ್ತಿದ್ದೇ ಎರಡು ವರ್ಷ ಆ ಬೀದಿ ಹಿಡಿದಿರಲಿಲ್ಲ. ಕೆಲಸ ಬಿಡಿಸಿದ ಮೇಲೆ ಎದುರಾಗುವುದು ಇಬ್ಬರಿಗೂ ಕಷ್ಟ ಎಂದು.

ಅವಳೇ ಕಂಡು ಮಾತಾಡಿಸಿದಳು. "ಚೆನ್ನಾಗಿದ್ದೀರಾ ಅಕ್ಕ? ಸೊರಗಿದ್ದೀರಿ."

"ಚೆನ್ನಾಗಿದ್ದೀನಿ. ನೀನು?"

"ನನಗೇನು, ಸುಕ್ಕು ತೆಗೆಯೋ ಕೆಲಸ. ಇದರಲ್ಲಿ ಎಡ ಬಲ ಅಂತಿಲ್ಲ ನೋಡಿ" ಎಂದು ನಕ್ಕಳು.

ಚುಚ್ಚಿದಳೋ ತಮಾಷೆಯೋ ತಿಳಿಯಲಿಲ್ಲ. ಮುಖದಲ್ಲಿ ಕಹಿ ಇರಲಿಲ್ಲ. ಅವಳು ಇನ್ನೂ ಏನೋ ಅಂದಳು, ರಸ್ತೆಯ ಗದ್ದಲದಲ್ಲಿ ಕೇಳಲಿಲ್ಲ. ಹೂಂ ಎಂದು ತಲೆಯಾಡಿಸಿ ಬಂದುಬಿಟ್ಟೆ. ಅವಳ ಮುಖ ನೋಡಿದರೆ ಅದು ಪ್ರಶ್ನೆಯಾಗಿತ್ತು ಎಂದು ಈಗ ಅನ್ನಿಸುತ್ತಿದೆ.

ಮಾರ್ಚ್ ೮, ಶನಿವಾರ

ದೋಷ ಸಿಕ್ಕಿತು. ಬಲಗಡೆ ಮಂಕು.

ಮೊದಲ ದಿನವೇ ಗುಮಾನಿ ಇತ್ತು. ಪಿಟೀಲು ಎಡಕ್ಕೆ ಕಿಟಕಿಯವರೆಗೆ ಹೋದದ್ದು ಸರಿ, ಬಲಕ್ಕೆ ಅಷ್ಟು ದೂರ ಏನೂ ಹೋಗಲಿಲ್ಲ. ಇಂದು ಸಣ್ಣ ಗಂಟೆಗಳ ಧ್ವನಿಮುದ್ರಣ ಹಾಕಿದೆ. ಎಡಗಡೆ ಗಂಟೆಗೆ ಅಂಚಿದೆ, ಬಲಗಡೆ ಗಂಟೆಗೆ ಬಟ್ಟೆ ಸುತ್ತಿದಂತಿದೆ. ಚೀಟಿ ಬರೆದು, ಸಹಿ ಹಾಕಿ, ಹಿಂದಕ್ಕೆ ಕಳಿಸಿದೆ.

ಮಾರ್ಚ್ ೧೧, ಮಂಗಳವಾರ

ಎರಡನೆಯ ಜೋಡಿ ನಿನ್ನೆ ಬಂತು. ಬಲಗಡೆ ಮಂಕು. ಮೂರನೆಯದು ಇಂದು. ಅದೂ ಹಾಗೇ.

ಮಾಲೀಕರು ಅಳತೆ ಯಂತ್ರದ ಹಾಳೆ ಹಿಡಿದು ಬಂದರು. ಎಡದ ಗೆರೆ, ಬಲದ ಗೆರೆ ಒಂದರ ಮೇಲೊಂದು ಕೂತಿವೆ. "ಎರಡು ಗೆರೆ ಇದೆ ಅಂತಾನೇ ಗೊತ್ತಾಗಲ್ಲ ಅಕ್ಕ. ಬಿಗಿದಿದ್ದು ಮನುಷ್ಯರಲ್ಲ. ಯಂತ್ರ ಬಲಗಡೆಗೆ ಮಾತ್ರ ಮುನಿಸಿಕೊಳ್ಳುತ್ತಾ?"

"ನಿಮ್ಮ ಅಳತೆ ಯಂತ್ರ ಹಾಡು ಕೇಳುತ್ತಾ?" ಎಂದೆ.

ಪ್ಯಾಕಿಂಗ್ ಮೇಜಿನವರೆಲ್ಲ ನಕ್ಕರು. ಇದು ನನ್ನ ಹಳೆಯ ಮಾತು. ಎರಡು ವರ್ಷದ ಹಿಂದೆಯೂ ಅಳತೆ ಹಾಳೆ ಸರಿ ಎಂದಿತ್ತು, ನಾನು ಇದನ್ನೇ ಹೇಳಿದ್ದೆ, ಆಗಲೂ ನಕ್ಕಿದ್ದರು. ಮಾಲೀಕರು ಅಂದು ಹಾಳೆಯನ್ನು ಮಡಚಿ ಜೇಬಿಗಿಟ್ಟುಕೊಂಡು ನನ್ನ ಮಾತನ್ನೇ ಎತ್ತಿಹಿಡಿದಿದ್ದರು. ಇಂದು ಹಾಳೆಯನ್ನು ನನ್ನ ಮೇಜಿನ ಮೇಲೆ ಬಿಟ್ಟು ಹೋದರು.

ಮಾರ್ಚ್ ೧೩, ಗುರುವಾರ

ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಬೆಳಿಗ್ಗೆ ಹತ್ತೂವರೆಗೆ ನಾಲ್ಕನೆಯ ಜೋಡಿ ಬಂತು. ಕಿವಿಗೆ ಹಾಕಿ ಗಂಟೆಗಳನ್ನು ಕೇಳಿದೆ. ಬಲಗಡೆ ಮಂಕು. ಚೀಟಿಗೆ ಪೆನ್ನು ಎತ್ತಿದೆ. ತೆಗೆದು ಕೆಳಗಿಡುವಾಗ ನೋಡಿದರೆ ಕೆಂಪು ಚುಕ್ಕಿ ಇದ್ದದ್ದು ನನ್ನ ಎಡಗೈಯಲ್ಲಿ.

ಕೆಂಪು ಚುಕ್ಕಿ ಬಲದ ಗುರುತು. ನಾನು ಅದಲುಬದಲು ಹಾಕಿಕೊಂಡಿದ್ದೆ. ಹಾಗಾದರೆ ಮಂಕು ಎಡಗಡೆ ಕೇಳಬೇಕಿತ್ತು.

ಹಳೆಯ ಮುಚ್ಚಿದ ಮಾದರಿಗಳಲ್ಲಿ ಇದು ಸಾಧ್ಯವೇ ಇರಲಿಲ್ಲ. ಅವುಗಳ ಕವಚವೇ ಕಿವಿಯ ಸುಳಿಗೆ ತಕ್ಕಂತೆ ಬಾಗಿರುತ್ತಿತ್ತು. ಎಡದ್ದು ಬಲಗಿವಿಗೆ ಕೂರುತ್ತಲೇ ಇರಲಿಲ್ಲ. ಈ ಮಾದರಿ ಗುಂಡಗಿದೆ. ಯಾವ ಕಿವಿಗಾದರೂ ಕೂರುತ್ತದೆ.

ಸರಿಯಾಗಿ ಹಾಕಿದೆ: ಬಲಗಡೆ ಮಂಕು. ತಿರುಗಿಸಿ ಹಾಕಿದೆ: ಬಲಗಡೆ ಮಂಕು. ಹನ್ನೊಂದು ಸಲ ಮಾಡಿದೆ. ಹಿಂದಿನ ಮೂರು ಜೋಡಿ ತರಿಸಿಕೊಂಡು ಅವುಗಳಲ್ಲೂ ಮಾಡಿದೆ.

ಪ್ಯಾಕಿಂಗಿನವಳು ಬಂದು, "ಊಟಕ್ಕೆ ಬರಲ್ವಾ ಅಕ್ಕ, ನಾಲ್ಕು ಸಲ ಕರೆದೆ" ಎಂದಳು. ಅವಳು ನನ್ನ ಬಲಕ್ಕೆ ನಿಂತಿದ್ದಳು.

ಮಾರ್ಚ್ ೧೪, ಶುಕ್ರವಾರ

ಕಾಲಿಂಗ್ ಬೆಲ್ ಕೆಟ್ಟಿಲ್ಲ.

ಮಾರ್ಚ್ ೧೫, ಶನಿವಾರ

ಇರುವೆಯ ನಲವತ್ತಮೂರು ತಿರಸ್ಕೃತ ಜೋಡಿಗಳು ಉಗ್ರಾಣದ ಕಪಾಟಿನಲ್ಲೇ ಇದ್ದವು. ಆರು ಡಬ್ಬ ಮನೆಗೆ ತಂದೆ. ಪ್ರತಿ ಡಬ್ಬದೊಳಗೂ ನನ್ನ ಚೀಟಿ, ನನ್ನ ಸಹಿ. ಚೀಟಿ ತೆಗೆದಿಟ್ಟು, ಏನೂ ಹೇಳದೆ, ಮಗಳಿಗೆ ಕೊಟ್ಟೆ.

"ಏನಮ್ಮಾ ಪರೀಕ್ಷೆ ಇದು? ಪಾಸಾದ್ರೆ ಏನು ಕೊಡ್ತೀಯ?"

"ಎಡ ಬಲ ಒಂದೇ ಥರ ಇದೆಯಾ ಹೇಳು ಸಾಕು."

ಮೊದಲನೆಯದು ಒಂದೇ. ಎರಡನೆಯದು ಒಂದೇ. ಮೂರನೆಯದಕ್ಕೆ ಕಣ್ಣು ಮುಚ್ಚಿದಳು. ಆರೂ ಮುಗಿದ ಮೇಲೆ, "ಎಲ್ಲಾ ಚೆನ್ನಾಗಿದೆ. ಇಷ್ಟು ಚೆನ್ನಾಗಿರೋದನ್ನ ಯಾಕೆ ಮಾರ್ಲಿಲ್ಲ ನೀವು?" ಎಂದಳು.

ಇವರಿಗೂ ಕೇಳಿಸಿದೆ. ಇವರ ಅಭಿಪ್ರಾಯ: "ಗಂಟೆ ಗಂಟೆ ಥರಾನೇ ಇದೆ."

ಎರಡು ವರ್ಷದ ಹಿಂದೆ ಇರುವೆ ನನ್ನ ಮೇಜಿನ ಬಳಿ ನಿಂತು ಹೇಳಿದ ಮಾತು ಇವತ್ತು ಪೂರ್ತಿ ನೆನಪಾಯಿತು. "ಅಕ್ಕ, ನಾನು ಪೊರೆ ಬಿಗಿದು ತಟ್ಟೇಲಿಡ್ತೀನಿ ಅಷ್ಟೆ. ಯಾವುದು ಎಡಕ್ಕೆ ಹೋಗುತ್ತೆ, ಯಾವುದು ಬಲಕ್ಕೆ ಹೋಗುತ್ತೆ ನನಗೇ ಗೊತ್ತಿರಲ್ಲ. ಆಮೇಲೆ ಜೋಡಿಸೋರು ತೊಗೊಳ್ತಾರೆ. ನನ್ನ ಕೈ ಕೆಟ್ಟಿದ್ರೆ ಎರಡೂ ಕಡೆ ಕೆಡ್ಬೇಕಲ್ವಾ?"

ಚಿಕ್ಕ ಮಗುವಿಗೂ ತಿಳಿಯುವ ಲೆಕ್ಕ. ನಾನು ಕೊಟ್ಟ ಉತ್ತರವೂ ನೆನಪಿದೆ. "ನೆಪ ಹೇಳ್ಬೇಡ" ಎಂದಿದ್ದೆ.

ಮಾರ್ಚ್ ೧೭, ಸೋಮವಾರ

ಕಿವಿ ಡಾಕ್ಟರ ಬಳಿ ಹೋದೆ. ಇವರು ಬಸ್ಸಿಗೆ ಬೇರೆಯವರನ್ನು ಹಾಕಿ ಜೊತೆಗೆ ಬಂದರು. ಗಾಜಿನ ಕೋಣೆ. ಸದ್ದು ಕೇಳಿದಾಗಲೆಲ್ಲ ಗುಂಡಿ ಒತ್ತಬೇಕು. ಎಡಗಿವಿಗೆ ಒತ್ತುತ್ತಲೇ ಇದ್ದೆ. ಬಲಗಿವಿಯ ಸರದಿ ಬಂದು ಸ್ವಲ್ಪ ಹೊತ್ತಿಗೆ ಸುಮ್ಮನೆ ಕೂತುಬಿಟ್ಟೆ. ಗಾಜಿನಾಚೆ ಡಾಕ್ಟರ ಕೈ ಮಾತ್ರ ಗುಂಡಿ ತಿರುಗಿಸುತ್ತಲೇ ಇತ್ತು. ಅವರು ಕಳಿಸುತ್ತಿದ್ದಾರೆ, ನನಗೆ ಬರುತ್ತಿಲ್ಲ ಎಂದು ಹಾಗೆ ತಿಳಿಯಿತು.

ಹಾಳೆಯಲ್ಲಿ ಎರಡು ಗೆರೆ. ಎಡದ್ದು ವಯಸ್ಸಿಗೆ ತಕ್ಕಂತೆ. ಬಲದ್ದು ಮೇಲಿನ ಸ್ವರಗಳಿಗೆ ಬಂದಕೂಡಲೇ ಬಾವಿಗೆ ಬಿದ್ದಂತೆ ಇಳಿದಿದೆ.

"ಯಾವಾಗಿಂದ ಹೀಗೆ?" ಎಂದು ಕೇಳಿದೆ.

"ಖಚಿತವಾಗಿ ಹೇಳೋಕಾಗಲ್ಲ. ಮೂರ್ನಾಲ್ಕು ವರ್ಷ ಆಗಿರಬಹುದು. ನಿಧಾನಕ್ಕೆ ಹೋದ್ರೆ ಗೊತ್ತೇ ಆಗಲ್ಲ ಅಮ್ಮಾ. ಏನು ಕೆಲಸ ನಿಮ್ಮದು?"

ಹೇಳಿದೆ. ಅವರು ಪೆನ್ನು ಕೆಳಗಿಟ್ಟರು.

ಈ ನಡುವೆ ಬಂದ ಅಗ್ಗದ ಮಾದರಿಗಳನ್ನು ಯಂತ್ರವೇ ಅಳೆಯುತ್ತಿತ್ತು. ಅವಕ್ಕೆ ನನ್ನ ಕಿವಿ ಬೇಕಿರಲಿಲ್ಲ. ಅದರಿಂದ ಎರಡು ವರ್ಷ ಯಾರಿಗೂ ತಿಳಿಯಲಿಲ್ಲ. ತಿಳಿಯಬೇಕಾದವಳು ನಾನು. ಸೇರಿದ ಹೊಸದರಲ್ಲಿ ತಿಂಗಳಿಗೊಮ್ಮೆ ಕಿವಿ ಪರೀಕ್ಷೆ ಮಾಡಿಸಿಕೊಳ್ಳುವ ನಿಯಮವಿತ್ತು. ನನಗೆ ಇದೆಲ್ಲ ಬೇಡ ಎಂದು ಬಿಡಿಸಿದವಳೂ ನಾನೇ.

ಮಾರ್ಚ್ ೧೮, ಮಂಗಳವಾರ

ಮಾಲೀಕರ ಮುಂದೆ ಡಾಕ್ಟರ ಹಾಳೆ ಇಟ್ಟೆ. ನಲವತ್ತಮೂರು ಜೋಡಿಯ ವಿಷಯವನ್ನೂ ಹೇಳಿದೆ. ಅವರು ಬಹಳ ಹೊತ್ತು ಹಾಳೆ ನೋಡಿದರು.

"ವಯಸ್ಸಾದ್ಮೇಲೆ ಎಲ್ಲರ ಕಿವಿನೂ ಹೋಗುತ್ತೆ ಬಿಡಿ ಅಕ್ಕ. ಎಡಗಿವಿ ಸಾಕು. ಡಬ್ಬದ ಹಾಳೆಗೆ ಬೇಕಾದ್ದು ಬರೆದುಕೊಡಿ."

"ಇರುವೆ ವಿಷಯ?"

"ಅದು ಮುಗಿದ ಕಥೆ."

"ಅವಳದು ಮುಗೀತು ಅಂತ ನಾವು ಹೇಗೆ ಹೇಳೋದು?"

"ಈಗ ಕರೆದು ಏನು ಮಾಡಿಸ್ಲಿ? ಬಿಗಿಯೋಕೆ ಯಂತ್ರ ಇದೆ. ಯಂತ್ರ ತೆಗೆದು ಅವಳನ್ನ ಕೂರಿಸ್ಲಾ?" ಅವರು ಸ್ವರ ಏರಿಸಿದರು, ಆಮೇಲೆ ತಗ್ಗಿಸಿದರು. "ಅಳತೆ ಹಾಳೆ ನನ್ನ ಜೇಬಲ್ಲೇ ಇತ್ತು ಅಕ್ಕ ಅವತ್ತು. ನಾನೂ ನಿಮ್ಮನ್ನೇ ನಂಬಿದೆ."

ಉಗ್ರಾಣಕ್ಕೆ ಹೋಗಿ ಉಳಿದ ಮೂವತ್ತೇಳು ಡಬ್ಬಗಳನ್ನೂ ತೆರೆದೆ. ಚೀಟಿಗಳಲ್ಲಿ ನನ್ನ ಬರಹಕ್ಕೆ ಅಡ್ಡಗೆರೆ ಎಳೆದು ಕೆಳಗೆ ಬರೆದೆ: ದೋಷ ಪೊರೆಯದಲ್ಲ, ಕೇಳಿದವಳ ಕಿವಿಯದು. ಮತ್ತೆ ಸಹಿ. ಸಂಜೆಯಾಯಿತು. ಮಾಲೀಕರು ಬಾಗಿಲಲ್ಲಿ ಒಮ್ಮೆ ಇಣುಕಿ, ಬೇಡ ಎನ್ನದೆ ಹೋದರು.

ಮನೆಯಲ್ಲಿ ಇವರಿಗೆ ಎಲ್ಲ ಹೇಳಿದೆ. ಇವರು ಹೇಳಿದ್ದು ಬೇರೆಯೇ: "ನನ್ನ ಯೂನಿಫಾರಂ ಇಸ್ತ್ರಿಗೆ ಕೊಡೋದು ಅವಳ ಅಂಗಡಿಗೇ. ಎರಡು ವರ್ಷ ಆಯ್ತು. ನಿನಗೆ ಬೇಜಾರಾಗುತ್ತೆ ಅಂತ ಹೇಳಿರಲಿಲ್ಲ. ಹೋದಾಗೆಲ್ಲ ನಿನ್ನ ವಿಚಾರಿಸ್ತಾಳೆ."

ಮಾರ್ಚ್ ೨೦, ಗುರುವಾರ

ರಜೆ ಹಾಕಿ ಇರುವೆಯ ಅಂಗಡಿಗೆ ಹೋದೆ. ಮಧ್ಯಾಹ್ನ ಹನ್ನೆರಡಕ್ಕೆ ಗಿರಾಕಿ ಕಡಿಮೆ.

"ಬನ್ನಿ ಅಕ್ಕ" ಎಂದು ಸ್ಟೂಲು ಎಳೆದಳು. ಕೂರಲಿಲ್ಲ. ನಿಂತೇ ಹೇಳಿದೆ. ಮೊದಲು ಡಾಕ್ಟರ ವಿಷಯ, ಆಮೇಲೆ ಆರು ಡಬ್ಬದ ವಿಷಯ, ಆಮೇಲೆ ಚೀಟಿಗಳ ವಿಷಯ. ಅವಳು ಒಂದು ಅಂಗಿಯ ತೋಳಿಗೆ ಇಸ್ತ್ರಿ ತಿಕ್ಕುತ್ತಲೇ ಇದ್ದಳು. ಮುಗಿದ ತೋಳಿಗೇ ಮತ್ತೆ ತಿಕ್ಕಿದಳು.

"ಅಂದ್ರೆ ನನ್ನ ಕೈ ಚೆನ್ನಾಗೇ ಇತ್ತು."

"ಚೆನ್ನಾಗಿತ್ತು. ನಲವತ್ತಮೂರೂ ಚೆನ್ನಾಗಿತ್ತು."

ಇಸ್ತ್ರಿ ಪೆಟ್ಟಿಗೆಯನ್ನು ಎತ್ತಿ ನಿಲ್ಲಿಸಿದಳು.

"ನನಗೆ ನಿಮ್ಮ ಮೇಲೆ ಕೋಪ ಇತ್ತು ಅಂದ್ಕೊಂಡಿದ್ರಾ ಅಕ್ಕ? ಇರಲಿಲ್ಲ. ಒಂದು ವಾರ ಇತ್ತು ಅಷ್ಟೆ. ಆಮೇಲೆ ನಾನೂ ನಂಬಿದೆ. ಆ ಕಿವಿ ತಪ್ಪು ಹೇಳಲ್ಲ ಅಂತ ಹೊಸಬರಿಗೆಲ್ಲ ನಾನೇ ಹೇಳ್ತಿದ್ದೆ, ನನ್ನ ಸರದಿ ಬಂದಾಗ ಹೇಗೆ ಇಲ್ಲ ಅನ್ನಲಿ? ಕೈ ನಡುಗ್ತಿದೆ, ನನಗೇ ಗೊತ್ತಾಗ್ತಿಲ್ಲ ಅಂತ ತಿಳ್ಕೊಂಡೆ. ಸಣ್ಣ ಕೆಲಸ ಎಲ್ಲಾ ಬಿಟ್ಟೆ. ಸೂಜಿ ಮುಟ್ಟಿಲ್ಲ. ಗಿರಾಕಿ ಅಂಗೀಲಿ ಗುಂಡಿ ಬಿಚ್ಚಿದ್ರೆ ಪಕ್ಕದ ಟೈಲರಿಗೆ ಕಳಿಸ್ತೀನಿ. ಮೊನ್ನೆ ನಿಮ್ಮನ್ನ ಕೇಳಿದ್ದೂ ಅದನ್ನೇ. ಈ ಕೈ ನಡುಕಕ್ಕೆ ಯಾವ ಡಾಕ್ಟರಿಗೆ ತೋರಿಸ್ಲಿ ಅಕ್ಕ ಅಂತ. ನೀವು ಹೂಂ ಅಂದು ಹೋದ್ರಿ."

ತಪ್ಪಾಯಿತು ಎಂದೆ. ಅದೊಂದು ಮಾತು ಎಷ್ಟು ಚಿಕ್ಕದು ಎಂದು ಹೇಳಿದ ಮೇಲೆ ಗೊತ್ತಾಯಿತು.

ಅವಳು ಎರಡೂ ಅಂಗೈಗಳನ್ನು ಮೇಜಿನ ಮೇಲೆ ಹರಡಿ ನೋಡಿಕೊಂಡಳು. ನಡುಕವಿರಲಿಲ್ಲ. ನನ್ನ ಕಣ್ಣಿಗೆ ಕಂಡಷ್ಟು.

"ಈಗ ಕೋಪ ಬರ್ತಿದೆ ಅಕ್ಕ" ಎಂದಳು. ಕೂಗಲಿಲ್ಲ. "ನೀವು ಹೋಗಿ. ಇನ್ನೂ ನಿಂತ್ರೆ ಏನಾದ್ರೂ ಅಂದುಬಿಡ್ತೀನಿ."

ಅನ್ನು ಎಂದು ಹೇಳಬೇಕಿತ್ತು. ಆ ಮಾತು ಮನೆಗೆ ಬಂದ ಮೇಲೆ ಹೊಳೆಯಿತು. ಅಂಗಡಿಯಲ್ಲಿ ಅವಳು ಹೋಗಿ ಎಂದ ಕೂಡಲೇ ಹೊರಟಿದ್ದೆ.

ಮಾರ್ಚ್ ೨೩, ಭಾನುವಾರ

ಡಬ್ಬದ ಹಾಳೆಗೆ ಬರೆದುಕೊಟ್ಟೆ. ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ಒಂದೊಂದನ್ನೂ ಅವಳಿಗೆ ಕೇಳಿಸಿ, ಅವಳು ಹೌದು ಎಂದದ್ದನ್ನು ಮಾತ್ರ ಬರೆದೆ.

"ಇದನ್ನು ಕೇಳಿದ್ದು ಒಂದು ಎಡಗಿವಿ, ಮತ್ತೊಬ್ಬರ ಎರಡು ಕಿವಿ. ದನಿ ತಲೆಯೊಳಗಲ್ಲ, ಎದುರಿಗೆ ನಿಲ್ಲುತ್ತದೆ. ತೆಳ್ಳನೆಯ ಪೊರೆಯಾದ್ದರಿಂದ ಸದ್ದು ಬೇಗ ಹುಟ್ಟಿ ಬೇಗ ನಿಲ್ಲುತ್ತದೆ. ಗುದ್ದುವ ಡೋಲು ಬೇಕಾದವರಿಗೆ ಸಾಲದು. ಬೆನ್ನು ತೆರೆದಿರುವುದರಿಂದ ನೀವು ಹಾಡು ಕೇಳುವಾಗ ನಿಮ್ಮನ್ನು ಯಾರಾದರೂ ಕರೆದರೆ ಅದೂ ಕೇಳುತ್ತದೆ. ಇದನ್ನು ಕೊರತೆ ಎಂದು ಎಣಿಸಬೇಡಿ."

ಮಾಲೀಕರು ಮೊದಲ ವಾಕ್ಯ ತೆಗೆಯುತ್ತೇನೆ ಎಂದರು. ತೆಗೆದರೆ ನನ್ನ ಮಾತು ಬೇಡ ಎಂದೆ. ಇಡೀ ಹಾಳೆಯನ್ನೇ ಕೈಬಿಟ್ಟರು. ಬರುವ ತಿಂಗಳಿಂದ ನಾನು ಪ್ಯಾಕಿಂಗ್ ಮೇಜಿಗೆ. ನಾನೇ ಕೇಳಿಕೊಂಡದ್ದು. ಕೇಳುವ ಮೇಜಿಗೆ ಯಾರು ಬಂದರೂ ತಿಂಗಳಿಗೊಮ್ಮೆ ಡಾಕ್ಟರ ಹಾಳೆ ತೋರಿಸಬೇಕೆಂದು ಬರೆದು ಅಂಟಿಸಿದ್ದೇನೆ.

ಮಾರ್ಚ್ ೨೯, ಶನಿವಾರ

ಇವರು ಸಂಜೆ ಇಸ್ತ್ರಿ ಬಟ್ಟೆ ತಂದರು. ಯೂನಿಫಾರಮ್ಮಿನ ಒಂದು ಅಂಗಿಗೆ ಎದೆಯ ಎರಡನೆಯ ಗುಂಡಿ ಹೋಗಿ ತಿಂಗಳಾಗಿತ್ತು. ಹಾಕಿಕೊಡುತ್ತೇನೆ ಎಂದು ನಾನು ಮರೆತೇ ಇದ್ದೆ. ಈಗ ಗುಂಡಿ ಇದೆ.

"ನಾನು ಕೇಳೇ ಇರಲಿಲ್ಲ" ಎಂದರು ಇವರು. "ಟೈಲರ್ ಹಾಕಿದ್ದಾ ಅಂದೆ. ಅಲ್ಲ ಅಂದ್ಲು."

ಅಂಗಿಯನ್ನು ಕಿಟಕಿಗೆ ಹಿಡಿದು ನೋಡಿದೆ. ನಾಲ್ಕು ತೂತಿಗೂ ಸಮನಾದ ದಾರ, ಬುಡಕ್ಕೆ ಬಿಗಿಯಾಗಿ ಸುತ್ತು. ಒಳಗಡೆ ತಿರುಗಿಸಿದರೆ ಗಂಟು ಎಲ್ಲಿದೆ ಎಂದು ಹುಡುಕಬೇಕು. ಎರಡು ಸಲ ಹುಡುಕಿದೆ, ಸಿಗಲಿಲ್ಲ.

"ನನಗೇನಾದ್ರೂ ಹೇಳಿದ್ಲಾ?" ಎಂದು ಕೇಳಿದೆ.

ಇವರು ಏನೋ ಅಂದರು, ಕೇಳಲಿಲ್ಲ. ಆಮೇಲೆ ಸುತ್ತಿ ಬಂದು ನನ್ನ ಎಡಕ್ಕೆ ನಿಂತು ಹೇಳಿದರು: "ಇಲ್ಲ."